ಹೇಸ್‌ನ ಪಕ್ಕದ ಮನೆಯ ಅರ್ಜಿ

ಹೇಸ್

ಲಂಡನ್ನಿಗೆ ಹೋಗಿಬಂದವರನ್ನು ಜನ ಮೊದಲು ಕೇಳುವುದು ರಾಣಿಯ ಅರಮನೆಯ ಬಗ್ಗೆ. ರಾಣಿ ಈಗಿಲ್ಲ, ಅರಮನೆಯನ್ನು ನಾನು ನೋಡಲೂ ಇಲ್ಲ. ಎರಡು ಸಲ ಹೊರಟೆ. ಒಂದು ಸಲ ಮಳೆ, ಇನ್ನೊಂದು ಸಲ ಮಂಡಿನೋವು. ಮೈಸೂರಿನಲ್ಲಿ ಹುಟ್ಟಿ ಬೆಳೆದವಳಿಗೆ ಅರಮನೆಯ ಹಸಿವು ಅಷ್ಟಾಗಿ ಇರುವುದೂ ಇಲ್ಲ. ನಾನು ಚೆನ್ನಾಗಿ ನೋಡಿದ್ದು ತಂಗಿ ಸುಮಾಳ ಮನೆಯ ಹಿತ್ತಿಲಿನ ಮರದ ಬೇಲಿಯನ್ನು, ಅದರ ಆಚೆ ದಿನವೂ ಬಟ್ಟೆ ಒಣಹಾಕುತ್ತಿದ್ದ ಒಬ್ಬ ಹೆಂಗಸನ್ನು.

ಸುಮಾ ಅಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್. ಮನೆ ಹೇಸ್‌ನಲ್ಲಿ, ಹೀಥ್ರೂ ವಿಮಾನ ನಿಲ್ದಾಣದ ಮಗ್ಗುಲಿಗೆ. ಬೀದಿಯುದ್ದಕ್ಕೂ ಒಂದೇ ಬಣ್ಣದ ಇಟ್ಟಿಗೆಯ ಸಾಲುಮನೆಗಳು. ಮೊದಲ ವಾರದಲ್ಲೇ ಎರಡು ಬಾರಿ ಬೇರೆಯವರ ಬಾಗಿಲಿಗೆ ಬೀಗದಕೈ ತುರುಕಿದೆ. ಎರಡನೆಯ ಬಾರಿ ಒಳಗಿನಿಂದ ಬಾಗಿಲು ತೆರೆದ ದೊರೆ ತಾನೇ ನನಗೆ ‘ಸಾರಿ’ ಎಂದ. ನಮ್ಮ ಕಡೆಯಾಗಿದ್ದರೆ ಇಷ್ಟು ಹೊತ್ತಿಗೆ ಬೀದಿಯೆಲ್ಲ ಸೇರಿ ನನ್ನ ಕುಲಗೋತ್ರ ವಿಚಾರಿಸುತ್ತಿತ್ತು.

“ಅಕ್ಕ, ಇಲ್ಲಿ ಎರಡು ಮನೆಗೂ ಗೋಡೆ ಒಂದೇ ಕಣೆ. ಫೋನೇ ಬೇಡ, ಮೈಸೂರಿಗೆ ನೇರವಾಗೇ ಕೇಳ್ಸುತ್ತೆ ಅನ್ನೋ ಹಾಗೆ ಕೂಗ್ಬೇಡ,” ಎಂದು ಸುಮಾ ಗದರಿಸಿ ಕೆಲಸಕ್ಕೆ ಹೋದಳೆಂದರೆ ನನಗೆ ಸಂಜೆಯವರೆಗೆ ಮಾತಿಗೆ ಜನವಿಲ್ಲ. ಹೀಗಾಗಿ ಬೇಲಿಯ ಆಚೆಯ ಹೆಂಗಸಿಗೆ ನಾನೇ ನಮಸ್ಕಾರ ಹೇಳಿದೆ.

ಅವರ ಹೆಸರು ದಿಲ್‌ಮಾಯಾ, ನೇಪಾಳದವರು. ನನ್ನ ಹಾಗೆಯೇ ಆರು ತಿಂಗಳ ವೀಸಾದಲ್ಲಿ ಬಂದವರು. ಮಗಳು ಸಬಿನಾ ಸುಮಾಳ ಆಸ್ಪತ್ರೆಯಲ್ಲೇ ನರ್ಸು. ನನ್ನದು ಸಿನಿಮಾ ನೋಡಿ ಕಲಿತ ಹಿಂದಿ, ಅವರದು ಧಾರಾವಾಹಿ ನೋಡಿ ಕಲಿತದ್ದು. ಇಬ್ಬರಿಗೂ ಲಿಂಗ ವಚನಗಳ ಹಂಗಿಲ್ಲದ್ದರಿಂದ ಮಾತು ಸಲೀಸಾಗಿ ಹರಿಯಿತು. ಅವರ ಬೈತಲೆಯಲ್ಲಿ ಸಿಂಧೂರ, ಕೊರಳಲ್ಲಿ ನಮ್ಮ ಕರಿಮಣಿಯಂತೆ ಅವರ ಕಡೆಯ ಮುತ್ತೈದೆಯರು ಹಾಕುವ ಕೆಂಪು ಹಸಿರು ಮಣಿಗಳ ಸರ. ಅದನ್ನು ನೋಡಿಯೇ ಕೇಳಿದೆ.

“ಯಜಮಾನ್ರು ಊರಲ್ಲೇ ಇದಾರಾ?”

“ಗೊತ್ತಿಲ್ಲ ದೀದಿ.”

“ಅಂದ್ರೆ, ಬೇರೆ ಕಡೆ ಇದಾರಾ?”

“ಇದಾರೋ ಇಲ್ವೋ, ಅದೇ ಗೊತ್ತಿಲ್ಲ. ಇಪ್ಪತ್ತು ವರ್ಷದ ಮೇಲಾಯ್ತು.”

ಹೀಗೆಂದು ಒಂದು ಟವೆಲ್ಲನ್ನು ಕೊಡವಿ ಹಗ್ಗಕ್ಕೆ ಹಾಕಿದರು. ಗಂಡ ಎಲ್ಲಿ ಎಂದರೆ ದುಬೈ, ಮಲೇಷ್ಯಾ, ಕೊನೆಗೆ ಸ್ವರ್ಗ ಎಂದು ಹೇಳುವವರನ್ನು ಕಂಡಿದ್ದೇನೆ. ಗೊತ್ತಿಲ್ಲ ಎಂಬ ಉತ್ತರ ಅಷ್ಟು ಸಮಾಧಾನದಿಂದ ಬಂದದ್ದನ್ನು ಮೊದಲ ಸಲ ಕೇಳಿದೆ.

ದಿನಕ್ಕೆ ಸ್ವಲ್ಪದಂತೆ ಕತೆ ತಿಳಿಯಿತು. ನೇಪಾಳದಲ್ಲಿ ಹತ್ತು ವರ್ಷ ಒಳಯುದ್ಧ ನಡೆಯಿತಲ್ಲ, ಆಗ ಅವರ ಗಂಡ ಬೆಟ್ಟದ ಹಳ್ಳಿಯೊಂದರಲ್ಲಿ ಮೇಷ್ಟ್ರು. ಒಂದು ಸಂಜೆ ಬಂಡುಕೋರರ ಕಡೆಯ ನಾಲ್ವರು ಬಂದು, ಸ್ವಲ್ಪ ಮಾತಾಡುವುದಿದೆ ಎಂದು ಕರೆದೊಯ್ದರು. ಸೈನ್ಯಕ್ಕೆ ಸುದ್ದಿ ಕೊಡುತ್ತಾರೆಂಬ ಗುಮಾನಿ. ಮೇಷ್ಟ್ರು ಅರ್ಧ ತಿದ್ದಿದ ಉತ್ತರಪತ್ರಿಕೆಗಳನ್ನು ಹಾಗೇ ಬಿಟ್ಟು, ಅನ್ನಕ್ಕಿಡು ಎಂದು ಹೇಳಿ ಹೋದವರು. ಯುದ್ಧ ಮುಗಿಯಿತು, ಅವರು ಬರಲಿಲ್ಲ. ಪರಿಹಾರಕ್ಕೆಂದು ಆಯೋಗ ಬಂತು. ಸತ್ತವರದು ಒಂದು ಪಟ್ಟಿ, ಕಾಣೆಯಾದವರದು ಇನ್ನೊಂದು. ಹೊಲ ಮೇಷ್ಟ್ರ ಹೆಸರಿನಲ್ಲೇ ಇದೆ, ಮರಣಪತ್ರವಿಲ್ಲದೆ ಹೆಂಡತಿಯ ಹೆಸರಿಗೆ ಬಾರದು.

ಇದನ್ನು ಕೇಳುತ್ತಲೇ ನನ್ನೊಳಗಿನ ಸರ್ಕಾರಿ ನೌಕರಳು ಎದ್ದು ಕೂತಳು. ಮೂವತ್ತಾರು ವರ್ಷ ಕಂದಾಯ ಇಲಾಖೆಯಲ್ಲಿ ದುಡಿದು ಶಿರಸ್ತೇದಾರಳಾಗಿ ನಿವೃತ್ತಳಾದವಳು ನಾನು. ಸತ್ತವರ ಜಮೀನು ವಾರಸುದಾರರ ಹೆಸರಿಗೆ ಮಾಡುವ ಪೌತಿ ಖಾತೆ ನನಗೆ ನೀರು ಕುಡಿದಷ್ಟು ಸುಲಭ.

“ಅಮ್ಮ, ಸತ್ತಿದಾರೆ ಅಂತ ಬರೆದುಬಿಡು, ಎಲ್ಲಾ ಮುಗಿಯುತ್ತೆ ಅಂತ ಮಗಳು ಹೇಳ್ತಾಳೆ,” ಎಂದರು ದಿಲ್‌ಮಾಯಾ. “ಅವಳಿಗೆ ಆಗ ಮೂರು ವರ್ಷ. ಮುಖ ನೆನಪಿಲ್ಲ. ನಾನು ಬರೆದುಬಿಟ್ಟು, ಆಮೇಲೆ ಅವರು ಎಲ್ಲೋ ಇದ್ರೆ? ಕೊಂದವಳು ನಾನೇ ಆಗಲ್ವಾ?”

ಇಲ್ಲೇ ಇರುವ ಅವರ ನಾಡಿನವರ ಸಂಘವೊಂದು ಇಂಥವರ ಹೇಳಿಕೆಗಳನ್ನು ಇಂಗ್ಲಿಷಿನಲ್ಲಿ ಬರೆಸಿ ಆಯೋಗಕ್ಕೆ ಕಳಿಸುತ್ತದಂತೆ. ಆ ವಾರದ ಭಾನುವಾರ ಕಿಂಗ್ಸ್‌ಬರಿಯಲ್ಲಿ ಕೊಡಬೇಕು. ಅದರ ಮುಂದಿನ ವಾರ ಅವರು ಊರಿಗೆ ಹೊರಡುವುದು. ಅಮ್ಮ ಮಗಳು ಆ ಕಾಗದದ ವಿಷಯಕ್ಕೆ ಮಾತು ಬಿಟ್ಟಿದ್ದರು.

ಮಹಡಿಯ ಕೋಣೆ

ಆ ಮನೆಯ ಮಹಡಿಯಲ್ಲಿ ಒಂದು ಕೋಣೆಯನ್ನು ಸಬಿನಾ ಇನ್ನೊಂದು ನೇಪಾಳಿ ಜೋಡಿಗೆ ಕೊಟ್ಟಿದ್ದಳು. ಹೆಂಡತಿ ವೃದ್ಧಾಶ್ರಮದಲ್ಲಿ ಆರೈಕೆಯ ಕೆಲಸದವಳು. ಗಂಡ ತಿಲಕ್, ನಲವತ್ತರ ಹತ್ತಿರದವನು, ವಿಮಾನ ನಿಲ್ದಾಣದ ಬಳಿಯ ಗೋದಾಮಿನಲ್ಲಿ ಪೆಟ್ಟಿಗೆ ಎತ್ತಿಡುವವನು. ಒಳ್ಳೆಯ ಮನುಷ್ಯ. ನನ್ನ ಕೈಚೀಲ ಹೊರುತ್ತಿದ್ದ, ದಿಲ್‌ಮಾಯಾರನ್ನು ‘ಆಮಾ’ ಎಂದು ಕರೆಯುತ್ತಿದ್ದ. ಅವರ ಭಾಷೆಯಲ್ಲಿ ಅಮ್ಮ ಎಂದರ್ಥ. ಅವನು ಅಡುಗೆಮನೆಯಲ್ಲಿ ಕೂರುವಾಗ ಯಾವಾಗಲೂ ಬೆನ್ನನ್ನು ಗೋಡೆಗೆ ಕೊಟ್ಟು, ಬಾಗಿಲು ಕಾಣುವಂತೆ ಕೂರುತ್ತಿದ್ದ. ನಾನು ಆ ಕೂರುವಿಕೆಯನ್ನು ಬಲ್ಲೆ; ಬಂದೂಕು ಹಿಡಿದು ಕಾಡಿನಲ್ಲಿದ್ದವರು ಹಾಗೆ ಕೂರುತ್ತಾರೆ.

ನಮ್ಮ ರಾಜ್ಯದಲ್ಲೂ ಕಾಡಿನಿಂದ ಬಂದು ಬಂದೂಕು ಒಪ್ಪಿಸಿದವರಿದ್ದಾರೆ. ಅವರ ಪುನರ್ವಸತಿಯ ಕಡತ, ಅವರ ಕಡೆಯವರಿಂದ ಸತ್ತವರ ಮನೆಗಳ ಪರಿಹಾರದ ಕಡತ, ಎರಡೂ ಕೆಲವು ವರ್ಷ ನನ್ನ ಟೇಬಲ್ಲಿಗೇ ಬರುತ್ತಿದ್ದವು. ವಾಸಸ್ಥಳ ದೃಢೀಕರಣಕ್ಕೆ ಬಂದ ಒಬ್ಬಾತ, “ಹನ್ನೊಂದು ವರ್ಷ ಕಾಡಲ್ಲಿದ್ದೆ, ಮನೆ ನಂಬರ್ ಏನಂತ ಬರೀಲಿ ಮೇಡಂ?” ಎಂದು ಕೇಳಿ ನನ್ನನ್ನು ನಗಿಸಿದ್ದ. ಆದರೆ ನಗದ ದಿನವೂ ಒಂದಿದೆ. ಅನುಕೂಲಕ್ಕೆಂದು ನಾನು ಎರಡೂ ಕಡೆಯವರಿಗೆ ಒಂದೇ ದಿನ ನೋಟಿಸು ಕೊಟ್ಟಿದ್ದೆ. ಕಚೇರಿಯಲ್ಲಿ ಇದ್ದದ್ದು ಒಂದೇ ಬೆಂಚು. ಜವಾನ ಹೆಸರು ಕೂಗಿದಾಗಲೇ ಪಕ್ಕದಲ್ಲಿ ಕೂತವರು ಯಾರೆಂದು ಒಬ್ಬ ವಿಧವೆಗೆ ಗೊತ್ತಾದದ್ದು. ಆಕೆ ಎದ್ದು ಹೋದವಳು ಮತ್ತೆ ಬರಲೇ ಇಲ್ಲ. ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ; ಅವತ್ತಿನ ಪೂಜಾರಿ ನಾನು.

ಆದ್ದರಿಂದ ತಿಲಕ್ ಬಗ್ಗೆ ದಿಲ್‌ಮಾಯಾರಿಗೆ ಗೊತ್ತಿದೆಯೋ ಇಲ್ಲವೋ ಎಂದು ನನಗೆ ಪುಕಪುಕ. ಬೇಲಿಯ ಬಳಿ ಸುತ್ತಿಬಳಸಿ ಕೇಳಿದರೆ ಅವರು ನಕ್ಕರು.

“ನಾನು ಬಂದ ವಾರವೇ ಹೇಳ್ದ ದೀದಿ. ಆಮಾ, ನಾನು ಆ ಕಡೆಯವನು, ಹದಿನೆಂಟಕ್ಕೆ ಸೇರಿದ್ದೆ, ಬೇಡ ಅಂದ್ರೆ ಮನೆ ಬದಲಾಯಿಸ್ತೀನಿ ಅಂದ. ನಾನು ಎರಡು ದಿನ ಊಟ ಮಾಡ್ಲಿಲ್ಲ. ಮೂರನೇ ದಿನ ಟೀ ಮಾಡಿ ತಂದ. ಅವನದು ಬೇರೆ ಜಿಲ್ಲೆ, ನಮ್ಮೂರಿಗೆ ಬಂದವನೇ ಅಲ್ಲ. ಇರು, ಆದ್ರೆ ನನಗೊಂದು ಕೆಲಸ ಮಾಡಿಕೊಡು ಅಂದೆ. ನಿನ್ನ ಹಳೇ ಜೊತೆಯವರನ್ನ ಕೇಳಿ ನೋಡು, ಮೇಷ್ಟ್ರು ಎಲ್ಲಿ ಅಂತ.”

“ಕೇಳಿದ್ನಾ?”

“ಕೇಳ್ತಿದೀನಿ ಆಮಾ ಅಂತಾನೆ.”

ಅವನ ಕತೆಯೂ ಸುಖದ್ದಲ್ಲ. ಯುದ್ಧ ಮುಗಿದ ಮೇಲೆ ಹೋರಾಟಗಾರರನ್ನೆಲ್ಲ ವರ್ಷಗಟ್ಟಲೆ ಶಿಬಿರಗಳಲ್ಲಿ ಇಟ್ಟು, ಕೊನೆಗೆ ಕೈಗೊಂದಿಷ್ಟು ಕೊಟ್ಟು ಮನೆಗೆ ಕಳಿಸಿದರು. ಕಳಿಸಿದವರು ಮನೆ ಎಲ್ಲಿದೆ ಎಂದು ಕೇಳಲಿಲ್ಲ. ಶಿಬಿರದಲ್ಲೇ ಬೇರೆ ಜಾತಿಯ ಹುಡುಗಿಯನ್ನು ಮದುವೆಯಾಗಿದ್ದ. ತಂದೆ ಅಂಗಳಕ್ಕೂ ಸೇರಿಸಲಿಲ್ಲ. ಹೆಂಡತಿಗೆ ಇಲ್ಲಿ ಕೆಲಸ ಸಿಕ್ಕ ಮೇಲೆ ಅವಳ ಬೆನ್ನಿಗೆ ಬಂದ. ಊರು ನೋಡಿ ಹದಿಮೂರು ವರ್ಷವಾಗಿತ್ತು.

ಈಸ್ಟ್ ಹ್ಯಾಮ್

ಗುರುವಾರ ತಿಲಕ್‌ಗೆ ರಜೆ. ನನಗೆ ದೋಸೆಯ ಆಸೆ, ದಿಲ್‌ಮಾಯಾರಿಗೆ ಮಗಳಿಗೊಂದು ಸೀರೆಯ ಆಸೆ. ಎರಡೂ ಸಿಗುವ ಜಾಗ ಈಸ್ಟ್ ಹ್ಯಾಮ್ ಎಂದು ಸುಮಾ ಹೇಳಿ, ರೈಲು ಬದಲಾಯಿಸುವುದನ್ನು ಚೀಟಿಯಲ್ಲಿ ಬರೆದುಕೊಟ್ಟಳು.

ಹೇಸ್‌ನಿಂದ ವೈಟ್‌ಚಾಪೆಲ್‌ವರೆಗೆ ಎಲಿಜಬೆತ್ ಲೈನಿನಲ್ಲಿ ರಾಣಿಯಂತೆಯೇ ಹೋದೆ. ಅಲ್ಲಿ ಟ್ಯೂಬು ಎನ್ನುವ ನೆಲದಡಿಯ ರೈಲು ಹತ್ತುವಾಗ ಅವಘಡ. ಬಾಗಿಲ ಬಳಿ ಇಳಿಯುವವರಿಗೆ ದಾರಿ ಬಿಡಬೇಕು ಎಂದು ತಂಗಿ ಹೇಳಿದ್ದಳಲ್ಲ, ನಾನು ಬಿಟ್ಟೆ, ಬಿಟ್ಟೆ, ಕೊನೆಯ ಅಜ್ಜನವರೆಗೂ ಬಿಟ್ಟೆ. ಬಾಗಿಲು ಮುಚ್ಚಿತು. ಗಾಜಿನ ಆಚೆ ದಿಲ್‌ಮಾಯಾರ ತೆರೆದ ಬಾಯಿ, ತಿಲಕ್‌ನ ಎತ್ತಿದ ಕೈ. ಮೆಜೆಸ್ಟಿಕ್ಕಿನಲ್ಲಿ ಬಸ್ಸಿಗೆ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿದವಳು ಇಲ್ಲಿ ಮರ್ಯಾದೆ ಕಲಿತು ಕೆಟ್ಟೆ. ಪಕ್ಕದಲ್ಲಿ ನಿಂತಿದ್ದ ದೊಡ್ಡ ಹೆಂಗಸೊಬ್ಬಳು, “ಇನ್ನೊಂದು ಬರುತ್ತೆ, ಲವ್,” ಎಂದು ನನ್ನ ಭುಜ ತಟ್ಟಿದಳು. ಬಂತು. ಈಸ್ಟ್ ಹ್ಯಾಮ್‌ನ ಪ್ಲಾಟ್‌ಫಾರ್ಮಿನಲ್ಲಿ ಇಬ್ಬರೂ ಕಾಯುತ್ತಿದ್ದರು. ದಿಲ್‌ಮಾಯಾ ಓಡಿಬಂದು ನನ್ನ ಎರಡೂ ಕೈ ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲ. ಕಾಯುವುದು ಅವರಿಗೆ ಸಾಮಾನ್ಯ ಸಂಗತಿಯಲ್ಲ ಎಂಬುದು ಆಗ ನನಗೆ ಹೊಳೆಯಬೇಕಿತ್ತು.

ಹೈ ಸ್ಟ್ರೀಟ್ ನಾರ್ತ್‌ನಲ್ಲಿ ನಡೆದರೆ ಚಿಕ್ಕಪೇಟೆಗೆ ಚಳಿ ಹಿಡಿದಂತಿದೆ. ಸೀರೆ ಕೊಂಡೆವು. ಹೋಟೆಲಿನಲ್ಲಿ ಮಸಾಲೆ ದೋಸೆ ಹೇಳಿ ಕೂತಾಗ ದಿಲ್‌ಮಾಯಾ ಚೀಲದಿಂದ ಒಂದು ಪ್ಲಾಸ್ಟಿಕ್ ಕವರು ತೆಗೆದರು. ಅದರೊಳಗೆ ಆ ಅರ್ಜಿ.

“ನೀವು ಸರ್ಕಾರದಲ್ಲಿದ್ದವರು. ನೀವು ಬರೆದ್ರೆ ತಪ್ಪಿರಲ್ಲ,” ಎಂದರು.

ಹೊಗಳಿದರೆ ಯಾರು ಉಬ್ಬುವುದಿಲ್ಲ? ಕನ್ನಡಕ ಹಾಕಿ, ಮೇಜು ಒರೆಸಿ, ಪೆನ್ನು ತೆಗೆದೆ. ಅರ್ಜಿದಾರರ ಹೆಸರು ಬರೆದೆ. ನಮ್ಮ ಕಚೇರಿಗಳಲ್ಲಿ ಹೆಂಗಸಿನ ಹೆಸರು ಬರೆದ ಮೇಲೆ ‘ಕೋಂ’ ಎಂದು ಬರೆದು ಗಂಡನ ಹೆಸರು ಹಾಕುವುದು ಪದ್ಧತಿ. ಆತ ತೀರಿಕೊಂಡಿದ್ದರೆ ‘ಕೋಂ ಲೇಟ್’. ಪರಿಹಾರದ ಕಡತಗಳಲ್ಲಿ ಸಾವಿರ ಸಲ ಹಾಗೆ ಬರೆದ ಕೈ ಇದು. ಹುಟ್ಟುಗುಣ ಸುಟ್ಟರೂ ಹೋಗದು. ಇಂಗ್ಲಿಷಿನಲ್ಲೂ ‘ವೈಫ್ ಆಫ್ ಲೇಟ್’ ಎಂದು ಬರೆದು, ಮೇಷ್ಟ್ರ ಹೆಸರು ಬರೆದು, ಅಡಿಗೆರೆಯನ್ನೂ ಎಳೆದೆ.

ಟ್ಯೂಬ್ ಸ್ಟೇಷನ್ನುಗಳ ಹೆಸರು ಓದಲೆಂದು ಸಬಿನಾ ಅಮ್ಮನಿಗೆ ಇಂಗ್ಲಿಷ್ ಅಕ್ಷರ ಕಲಿಸಿದ್ದಳು. ದಿಲ್‌ಮಾಯಾ ಬೆರಳಿಟ್ಟು ನಿಧಾನವಾಗಿ ಓದಿದರು.

“ಇದು ನನ್ನ ಹೆಸರು. ಇದು ಅವರ ಹೆಸರು. ನಡುವೆ ಇದೇನು ದೀದಿ?”

ಸುಳ್ಳು ಹೇಳಬಹುದಿತ್ತು, ಬಾಯಿ ಬರಲಿಲ್ಲ. “ತೀರಿಕೊಂಡವರು ಅಂತ,” ಎಂದೆ.

ಅವರು ಸಿಟ್ಟಾಗುತ್ತಾರೆ ಅಂದುಕೊಂಡೆ. ಆಗಲಿಲ್ಲ. ನನ್ನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದು ಹತ್ತಿರ ಬಾಗಿದರು.

“ನಿಮಗೆ ಯಾರು ಹೇಳಿದ್ರು?”

ಸರ್ಕಾರದವಳು ಬರೆದಿದ್ದಾಳೆ ಎಂದರೆ ಎಲ್ಲೋ ಏನೋ ತಿಳಿದೇ ಬರೆದಿದ್ದಾಳೆ ಎಂದು ಅವರು ನಂಬಿದ್ದರು. ಆ ಕಣ್ಣಲ್ಲಿದ್ದದ್ದು ಹೆದರಿಕೆಯಲ್ಲ. ಈಗಲಾದರೂ ಗೊತ್ತಾಗುತ್ತದೆ ಎಂಬ ಆಸೆ. ಗಂಡ ಸತ್ತ ಸುದ್ದಿಗೆ ಇಷ್ಟು ಆಸೆಪಟ್ಟು ಕಾದವರನ್ನು ನಾನು ನೋಡಿರಲಿಲ್ಲ.

“ಯಾರೂ ಹೇಳಿಲ್ಲ. ಅಭ್ಯಾಸಕ್ಕೆ ಬರೆದುಬಿಟ್ಟೆ. ನನ್ನ ತಪ್ಪು,” ಎಂದೆ. ನಾಚಿಕೆಯಿಂದ ಕುಗ್ಗಿಹೋದೆ.

ಎದುರಿಗೆ ಕೂತಿದ್ದ ತಿಲಕ್ ಕೈತೊಳೆದು ಬರುತ್ತೇನೆಂದು ಎದ್ದು ಹೋದ. ದೋಸೆ ಬಂದು ಆರಿದರೂ ಬರಲಿಲ್ಲ. ಬಂದಾಗ ಮುಖವೆಲ್ಲ ಒದ್ದೆ. ನನಗಾಗಿ ಮರುಗುತ್ತಿದ್ದಾನೆ ಅಂದುಕೊಂಡೆ. ದಿಲ್‌ಮಾಯಾ ಕಾಗದವನ್ನು ನಾಲ್ಕಾಗಿ ಮಡಚಿ ಚೀಲಕ್ಕೆ ಹಾಕಿಕೊಂಡರು. “ಬೇರೆ ಬರೀರಿ ದೀದಿ. ಆ ಮಾತು ಮಾತ್ರ ಬೇಡ,” ಎಂದು ನನಗೇ ಚಟ್ನಿ ಬಡಿಸಿದರು.

ಕಿಂಗ್ಸ್‌ಬರಿ

ಭಾನುವಾರ ಕಿಂಗ್ಸ್‌ಬರಿಯ ಒಂದು ಸಭಾಂಗಣ. ಹೊರಗೆ ಗುಜರಾತಿ ಅಂಗಡಿಗಳ ಸಾಲು, ಒಳಗೆ ವೃತ್ತಾಕಾರದಲ್ಲಿ ಇಪ್ಪತ್ತು ಕುರ್ಚಿ. ಕೂತವರಲ್ಲಿ ಕಳೆದುಕೊಂಡವರೂ ಇದ್ದರು, ಒಂದು ಕಾಲದಲ್ಲಿ ಬಂದೂಕು ಹಿಡಿದಿದ್ದವರೂ ಇದ್ದರು. ಕೆಲವರ ಮಾತನ್ನು ಒಬ್ಬಳು ಇಂಗ್ಲಿಷಿಗೆ ಹೇಳುತ್ತಿದ್ದಳು. ನಡೆಸಿಕೊಡುತ್ತಿದ್ದವರು ಬಿಳಿಗೂದಲ ಇಂಗ್ಲಿಷ್ ಹೆಂಗಸು. ಒಬ್ಬರು ಮಾತಾಡುವಾಗ ಇನ್ನೊಬ್ಬರು ತುಟಿ ಬಿಚ್ಚುವಂತಿಲ್ಲ, ಸಮಾಧಾನವನ್ನೂ ಹೇಳುವಂತಿಲ್ಲ. ನಮ್ಮಲ್ಲಾದರೆ ಇಷ್ಟು ಹೊತ್ತಿಗೆ ಹತ್ತು ಜನ ‘ಅಯ್ಯೋ ಬಿಡಮ್ಮ, ಹಣೆಬರಹ’ ಎಂದು ಮಾತನ್ನು ಅಲ್ಲೇ ಮುಚ್ಚಿಬಿಡುತ್ತಿದ್ದರು. ಆ ಮೌನ ಮೊದಲು ನನಗೆ ಒರಟೆನ್ನಿಸಿತು. ಆಮೇಲೆ ಅದು ಕೇಳಿಸಿಕೊಳ್ಳುವ ರೀತಿ ಎಂದು ತಿಳಿಯಿತು.

ತಿಲಕ್‌ನ ಸರದಿ ಬಂದಾಗ ಅವನು ತಲೆಯಾಡಿಸಿ ಮುಂದಿನವರ ಕಡೆ ಕೈ ತೋರಿಸಿದ.

ದಿಲ್‌ಮಾಯಾ ನಾನು ಹೊಸದಾಗಿ ಬರೆದ ಅರ್ಜಿ ಕೊಟ್ಟರು. ಅದರಲ್ಲಿ ಎರಡು ಚೌಕ: ಮೃತ, ನಾಪತ್ತೆ. ಎರಡನ್ನೂ ಖಾಲಿ ಬಿಟ್ಟಿದ್ದೆವು; ನಾಪತ್ತೆ ಅಂತ ಬರೆದರೂ ಹುಡುಕುವುದು ಮುಗಿದ ಹಾಗೇ ಎಂದಿದ್ದರು ದಿಲ್‌ಮಾಯಾ. ಹೀಗಾದರೆ ಕಡತ ಬಾಕಿಯ ಕಟ್ಟಿಗೆ ಹೋಗುತ್ತದೆ, ಎಷ್ಟು ವರ್ಷವೋ ಹೇಳಲಾಗದು ಎಂದರು ಸಂಘದವರು. ಬಾಕಿಯ ಕಟ್ಟು ಎಂದರೇನೆಂದು ನನಗಿಂತ ಬಲ್ಲವರಾರು? ಅದಕ್ಕೆ ಇಲಿ, ಗೆದ್ದಲು, ನಿವೃತ್ತಿ ಎಲ್ಲ ಆಗುತ್ತದೆ, ತೀರ್ಮಾನವೊಂದು ಬಿಟ್ಟು. ದಿಲ್‌ಮಾಯಾರಿಗೆ ವಿವರಿಸಿದೆ. “ಇರ್ಲಿ,” ಎಂದರು.

ಸಭೆ ಮುಗಿದ ಮೇಲೆ ಅಲ್ಲೊಂದು ಪದ್ಧತಿ. ಎಲ್ಲರೂ ತಮ್ಮ ಕುರ್ಚಿ ತಾವೇ ಎತ್ತಿಡಬೇಕು, ಕಪ್ಪು ತೊಳೆಯಬೇಕು. ಜವಾನ ಎಂಬ ಪ್ರಾಣಿಯೇ ಇಲ್ಲ. ಬಿಳಿಗೂದಲ ಹೆಂಗಸು ನೆಲ ಗುಡಿಸುತ್ತಿದ್ದರು. ಪಕ್ಕದ ಪುಟ್ಟ ಅಡುಗೆಮನೆಯಲ್ಲಿ ದಿಲ್‌ಮಾಯಾ ತೊಳೆಯಲು ನಿಂತರು, ತಿಲಕ್ ಒರೆಸಲು, ನಾನು ಜೋಡಿಸಲು. ವೃತ್ತದಲ್ಲಿ ಬಾಯಿ ಬಾರದವನಿಗೆ ಕೈಯಲ್ಲಿ ಕೆಲಸವಿದ್ದಾಗ ಬಂತು.

“ಆಮಾ,” ಎಂದ, ಕಪ್ಪಿನಿಂದ ಕಣ್ಣೆತ್ತದೆ, ನನಗೂ ತಿಳಿಯಲೆಂದು ಹಿಂದಿಯಲ್ಲೇ. “ನೀವು ಕೇಳು ಅಂದಿದ್ದನ್ನ ಕೇಳಿದ್ದೆ. ಉತ್ತರ ಬಂದು ಮೂರು ವಾರ ಆಯ್ತು.”

ದಿಲ್‌ಮಾಯಾ ನಲ್ಲಿ ನಿಲ್ಲಿಸಿದರು.

“ಆ ತಂಡಕ್ಕೆ ಅಡುಗೆ ಮಾಡ್ತಿದ್ದವನು ಈಗ ಮಲೇಷ್ಯಾದಲ್ಲಿದಾನೆ. ಬೇರೆಯವರು ಹಳೇದು ಕೆದಕ್ಬೇಡ ಅಂದ್ರು, ಅವನು ಹೇಳ್ದ. ಕರ್ಕೊಂಡು ಹೋದ ಮೂರನೇ ದಿನ. ಹೊಳೆ ಮೇಲೆ ನೀರಿನ ಗಿರಣಿ ಇದೆಯಂತಲ್ಲ, ಅದರ ಹಿಂದೆ. ಮಣ್ಣು ಮುಚ್ಚಿದ್ದು ತಾನೇ ಅಂದ. ತಲೆಯ ಹತ್ತಿರ ಒಂದು ಚಪ್ಪಟೆ ಕಲ್ಲು ಇಟ್ಟಿದಾನಂತೆ.”

ದಿಲ್‌ಮಾಯಾ ಒದ್ದೆ ಕೈಯಲ್ಲೇ ಅವನತ್ತ ತಿರುಗಿದರು.

“ಯಾಕೆ ಹೇಳ್ಲಿಲ್ಲ?”

“ನಿಮ್ಮ ಬೈತಲೆ ಸಿಂಧೂರ ಅಳಿಸೋನು ಆ ಕಡೆಯವನೇ ಆಗಬೇಕಾ ಅನ್ನಿಸ್ತು ಆಮಾ. ಆವತ್ತು ಹೋಟೆಲಲ್ಲಿ ಮೇಡಂ ಕೈ ಹಿಡಿದು ಕೇಳಿದ್ರಲ್ಲ, ಯಾರು ಹೇಳಿದ್ರು ಅಂತ. ಹೇಳ್ಬೇಕಾದವನು ಎದುರಿಗೇ ಕೂತಿದ್ದೆ. ಅವತ್ತಿಂದ ಅನ್ನ ಇಳೀತಿಲ್ಲ.”

“ಗಿರಣಿ ಹಿಂದೆ,” ಎಂದರು ದಿಲ್‌ಮಾಯಾ. “ವಾರ ವಾರ ಜೋಳ ಬೀಸೋಕೆ ಅಲ್ಲಿಗೇ ಹೋಗ್ತಿದ್ದೆ. ಈ ಇಪ್ಪತ್ತು ವರ್ಷವೂ.” ಆಮೇಲೆ, “ತಿಥಿ ಯಾವುದು? ಹೇಳಿದ್ನಾ?”

“ಹುಣ್ಣಿಮೆಗೆ ಎರಡು ದಿನ ಇತ್ತು ಅಂದ.”

ಅವರು ಒದ್ದೆ ಬೆರಳುಗಳನ್ನು ಮಡಚಿ ಎಣಿಸಿದರು. “ತ್ರಯೋದಶಿ.” ಇಷ್ಟು ವರ್ಷ ಪಿಂಡ ಇಡಲು ದಿನವೇ ಇಲ್ಲದ ಹೆಂಗಸಿಗೆ ಒಂದು ದಿನ ಸಿಕ್ಕಿತ್ತು. ಅವರು ಅಳಲಿಲ್ಲ. ನಾನು ಅತ್ತೆ, ಮುಚ್ಚಿಡುವುದೇಕೆ; ತಿಲಕ್ ಕೂಡ ಅತ್ತ. ನಮ್ಮಿಬ್ಬರನ್ನೂ ಅವರೇ ಸಮಾಧಾನ ಮಾಡಬೇಕಾಯಿತು.

ಅರ್ಜಿಯನ್ನು ವಾಪಸು ತಂದು ಚೌಕ ತುಂಬಲೇ ಎಂದು ಕೇಳಿದೆ. ಅಭ್ಯಾಸ ನೋಡಿ. “ಬೇಡ ದೀದಿ. ಮೊದಲು ನಾನು ನೋಡ್ಬೇಕು. ಆಮೇಲೆ ನಾನೇ ತುಂಬ್ತೀನಿ,” ಎಂದು ಅವರು ತಿಲಕ್ ಕಡೆ ತಿರುಗಿದರು.

“ನೀನು ಬರ್ಬೇಕು ನನ್ನ ಜೊತೆ. ಅವನು ಫೋನಲ್ಲಿ ದಾರಿ ಹೇಳ್ಲಿ, ನೀನು ಅಗಿ.”

“ನಿಮ್ಮೂರಿಗಾ? ನಾನಾ?” ಅವನು ಒರೆಸುತ್ತಿದ್ದ ಕಪ್ಪನ್ನು ಕೆಳಗಿಟ್ಟ. “ಯಾವ ಕಡೆಯವನು ಅಂತ ಗೊತ್ತಾದ್ರೆ ಜನ ಬಿಡ್ತಾರಾ ಆಮಾ? ನಮ್ಮಪ್ಪನೇ ಸೇರಿಸಲಿಲ್ಲ.”

“ನಿಮ್ಮಪ್ಪನ ಮಾತು ಆಮೇಲೆ. ಮೇಷ್ಟ್ರನ್ನ ಹುಡುಕಿಕೊಟ್ಟವನು ಅಂತ ನಾನು ಹೇಳ್ತೀನಿ. ನಮ್ಮೂರು ನನ್ನ ಮಾತು ಕೇಳುತ್ತೆ. ನಮ್ಮ ಮನೇಲೇ ಉಣ್ಣು, ನಮ್ಮ ಮನೇಲೇ ಮಲಗು. ಕೇಳೋರು ಬಾಗಿಲಿಗೆ ಬರ್ಲಿ.”

ಪುನರ್ವಸತಿ ಎಂಬ ಮಾತನ್ನು ನಾನು ಎಷ್ಟು ಆದೇಶಗಳಲ್ಲಿ ಟೈಪು ಮಾಡಿಸಿದ್ದೆನೋ. ಅದರ ಅರ್ಥವನ್ನು ಸೋಪಿನ ನೊರೆ ಮೆತ್ತಿದ ಕೈಯ ಆ ಹೆಂಗಸಿನಿಂದ ಕೇಳಿದೆ.

ಅಲ್ಲಿಂದಲೇ ತಿಲಕ್ ಗೋದಾಮಿನ ಮೇಲ್ವಿಚಾರಕನಿಗೆ ಫೋನು ಮಾಡಿದ. ಕೈ ಒದ್ದೆಯೆಂದು ಫೋನನ್ನು ಮೇಜಿನ ಮೇಲಿಟ್ಟು ಸ್ಪೀಕರಿಗೆ ಹಾಕಿದ್ದ. ಎರಡು ವಾರ ರಜೆ ಬೇಕು ಎಂದ. ಇಷ್ಟು ತುರ್ತಾಗಿಯಾ, ಕಾರಣ ಏನು ಎಂದಿತು ಆ ಕಡೆಯ ದನಿ.

“ಮನೆಯಲ್ಲಿ ಸಾವು,” ಎಂದ ತಿಲಕ್.

ದನಿ ಮೆತ್ತಗಾಯಿತು. “ಓ, ಬಹಳ ಬೇಸರವಾಯಿತು. ಹತ್ತಿರದವರಾ?”

“ಹೌದು. ಮನೆಯವರೇ.”

“ರಜೆಯ ಪುಸ್ತಕದಲ್ಲಿ ಬರೆಯಬೇಕು, ಕ್ಷಮಿಸಿ. ಯಾವಾಗ ತೀರಿಕೊಂಡರು?”

ತಿಲಕ್ ನಮ್ಮ ಕಡೆ ನೋಡಿದ. ಏನು ಕೇಳುತ್ತಿದ್ದಾರೆಂದು ದಿಲ್‌ಮಾಯಾ ನನ್ನನ್ನು ಕೇಳಿದರು. ಮೆಲ್ಲಗೆ ಹಿಂದಿಯಲ್ಲಿ ಹೇಳಿದೆ. ಅವರು ಅವನ ಕೈಯಿಂದ ಬಟ್ಟೆ ತೆಗೆದುಕೊಂಡು, ಉಳಿದಿದ್ದ ಒಂದು ಕಪ್ಪನ್ನು ಒರೆಸತೊಡಗಿದರು.

“ಇವತ್ತು ಅನ್ನು,” ಎಂದರು.